ಮುಂಜಾನೆ ಏಳಲೊಲ್ಲದ ಕಂಪ್ಯೂಟರ್

ಕಂಪ್ಯೂಟರ್ ಸತ್ತಿರಲಿಲ್ಲ. ಸತ್ತಿದೆ ಎಂದು ಹೇಳಿದವರಿಗೆ ಕೂತು ನಾಡಿ ನೋಡುವ ತಾಳ್ಮೆ ಇರಲಿಲ್ಲ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಬಸ್ಸಿನ ಧೂಳು.

ಮೂಡಲಗಿಯಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಕಸೂತಿ ಅಂಗಡಿ. ಕಣ್ಣು ಮಂಜಾದ ಮೇಲೆ ಕೈಸೂಜಿ ಬಿಟ್ಟು ಎಂಬ್ರಾಯ್ಡರಿ ಮಶೀನು ಹಾಕಿಕೊಂಡೆ. ಮಶೀನಿಗೆ ಬುದ್ಧಿ ಹೇಳುವುದು ಬಾಜೂಕಿನ ಕಂಪ್ಯೂಟರ್. ನಾನು ಬಟ್ಟೆಯ ಮೇಲೆ ಎಳೆ ಎಣಿಸಿ ಗೋಪುರ, ತೊಟ್ಟಿಲು, ನವಿಲು ಹಾಕಿ ತೋರಿಸುತ್ತೇನೆ. ಸೊಸೆ ಅದನ್ನು ಕಂಪ್ಯೂಟರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೂಡಿಸುತ್ತಾಳೆ. ಕೈಯಿಂದ ಹಾಕಿದ ಗವಂತಿ ಹೊಲಿಗೆಗೆ ಹಿಂದು ಮುಂದು ಒಂದೇ ರೂಪ. ಮಶೀನಿನದಕ್ಕೆ ಹಿಂದೆ ಗಂಟು ಬೀಳುತ್ತದೆ. ಇದನ್ನು ಗಿರಾಕಿಗೆ ಹೇಳಿಯೇ ಕೆಲಸ ಹಿಡಿಯುತ್ತೇನೆ. ಆದರೂ ಬರುತ್ತಾರೆ, ಯಾಕೆಂದರೆ ನಮ್ಮ ಡಿಸೈನು ಬೇರೆ ಅಂಗಡಿಯಲ್ಲಿ ಸಿಗುವುದಿಲ್ಲ. ಅತ್ತೆ ಸೊಸೆ ಇಬ್ಬರ ಇಷ್ಟು ವರ್ಷದ ದುಡಿಮೆ ಆ ಡಬ್ಬಿಯೊಳಗೆ ಕೂತಿದೆ. ಅದು ಹೋದರೆ ನಾವು ಎಲ್ಲರ ಹಾಗೆ ಪೇಟೆಯಲ್ಲಿ ಸಿಗುವ ಹೂವು ಬಳ್ಳಿ ಹೊಲಿಯುವವರು.

ನಮ್ಮ ಅಂಗಡಿಗೆ ಒಂದು ರೂಢಿ ಇದೆ. ಬಾಜೂ ಅಂಗಡಿಯ ಝೆರಾಕ್ಸ್ ಮಶೀನು ಒಮ್ಮೆ ಸಿಡಿಲಿಗೆ ಸುಟ್ಟ ಮೇಲೆ ನಾನು ಹಾಕಿದ ರೂಢಿ. ಸಂಜೆ ದೇವರಿಗೆ ದೀಪ ಹಚ್ಚುವುದು, ಇನ್ವರ್ಟರ್ ಬಂದ್ ಮಾಡುವುದು, ಮೇನ್ ಸ್ವಿಚ್ ಇಳಿಸುವುದು, ಆಮೇಲೆ ಶಟರ್ ಎಳೆಯುವುದು. ಮುಂಜಾನೆ ಮೇನ್ ಏರಿಸುವವಳೂ ನಾನೇ. ಸೊಸೆ ಕಂಪ್ಯೂಟರ್ ಹಚ್ಚಿ, ಅದರ ಮೂಲೆಯ ಗಡಿಯಾರ ಹಿಂದೆ ಬಿದ್ದಿದ್ದರೆ ಸರಿ ಮಾಡಿ, ಕೆಲಸ ತೆಗೆಯುತ್ತಾಳೆ. ನಮ್ಮ ಗೋಡೆ ಗಡಿಯಾರವೂ ಹಿಂದೆ ಬೀಳುತ್ತದೆ. ಅದಕ್ಕೆ ಯಾರೂ ಏನೂ ಅಂದುಕೊಳ್ಳಲಿಲ್ಲ.

ಆ ಹೊತ್ತಿಗೆ ಕಣಗಲಾದ ಒಂದು ಮದುವೆಯ ಕೆಲಸ ಹಿಡಿದಿದ್ದೆವು. ಬೌದ್ಧರ ಮನೆ. ಮದುಮಗಳಿಗೆ ಬಿಳಿ ಸೀರೆ, ನೀಲಿ ಅಂಚು. ಅಂಚಿನುದ್ದಕ್ಕೂ ಕುಪ್ಪಸದ ತೋಳಿಗೂ ಬೋಧಿ ಎಲೆ ಬೇಕು. ಆ ಎಲೆಯನ್ನು ಸೊಸೆ ಖರೆ ಅರಳಿ ಎಲೆ ಮುಂದಿಟ್ಟುಕೊಂಡು ಮಾಡಿದ್ದಳು. ಉದ್ದ ಬಾಲ, ಹೊಟ್ಟೆಯಲ್ಲಿ ನರ, ಗಾಳಿಗೆ ಓಲಾಡಿದಂತೆ ಚೂರು ವಾರೆ. ಬಟ್ಟೆ ಫ್ರೇಮಿಗೆ ಕಟ್ಟಿ ಇಟ್ಟಿದ್ದೆವು. ಮಾತೂ ಕೊಟ್ಟಿದ್ದೆ.

ಮುಂಜಾನೆ ಮೇನ್ ಏರಿಸಿದೆ. ಸೊಸೆ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಗಿತ್ತು, ಅದರಲ್ಲಿ ಇಂಗ್ಲಿಷಿನ ಒಂದು ಬಿಳಿ ಸಾಲು.

"ಏನಂತೈತಿ?" ಎಂದೆ.

"ಎಲ್ಲಿಂದ ಏಳಬೇಕು ಅದನ್ನ ತೋರಸ್ರಿ ಅಂತೈತ್ರಿ ಅತ್ತಿ. ಡಿಸ್ಕ್ ಸಿಗವಲ್ತಂತ."

"ಡಿಸ್ಕ್ ಅದರ ಹೊಟ್ಟ್ಯಾಗ ಐತೆಲ್ಲ. ನಾವೇನು ಬುತ್ತಿ ಕಟ್ಟಿ ಊರಿಗೆ ಕಳಿಸೇವೇನು?"

ಬಂದ್ ಮಾಡಿ ಹಚ್ಚಿದಳು. ಮತ್ತೆ ಅದೇ ಸಾಲು. ಡಬ್ಬಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು. ಕಂಡಕ್ಟರ್ ನನ್ನ ತೊಡೆಯ ಮೇಲಿನ ಗಂಟು ನೋಡಿದ.

"ಅಜ್ಜಿ, ನಿಮಗ ಫ್ರೀ ಐತಿ. ಇದಕ್ಕ ಟಿಕೀಟ್ ತಗೋಬೇಕಾಕ್ಕೇತಿ."

"ಇದೂ ಹೆಣ್ಣ ಐತೋ ತಮ್ಮಾ. ಇವತ್ತ ಮುಂಜಾನಿಂದ ಮಾತ ಬಿಟ್ಟೈತಿ, ಅಷ್ಟ."

ಬಸ್ಸೆಲ್ಲ ನಕ್ಕಿತು. ಆತನೂ ನಕ್ಕು ಮುಂದೆ ಹೋದ.

ಗೋಕಾಕದ ರಿಪೇರಿಯವ ಒಳ್ಳೆಯ ಕೆಲಸಗಾರ. ಕೈ ಚುರುಕು, ಬಾಯಿ ಇನ್ನೂ ಚುರುಕು. ತನ್ನ ಪರದೆಗೆ ಜೋಡಿಸಿ ಹಚ್ಚಿದ. ಅದೇ ಸಾಲು ಬಂತು. ಬಂದ್ ಮಾಡಿ ಹಚ್ಚುವಾಗ ಒಂದು ಕೀಲಿಯನ್ನು ಟಪಟಪ ಒತ್ತಿದ. ನೀಲಿ ಪರದೆ ತೆರೆಯಿತು. ನಾಲ್ಕಾರು ಕಡೆ ಕೆಳಗೆ ಮೇಲೆ ಹೋಗಿ ಏನನ್ನೋ ಬದಲಿಸಿದ. ಕಂಪ್ಯೂಟರ್ ಎದ್ದು ಕೂತಿತು. ನಮ್ಮ ನವಿಲು, ತೊಟ್ಟಿಲು, ಬೋಧಿ ಎಲೆ, ಎಲ್ಲ ಇದ್ದವು.

"ಏನ್ ಮಾಡಿದಿ?" ಎಂದು ಕೇಳಿದೆ. ಕೇಳದೆ ಬಿಡುವವಳಲ್ಲ ನಾನು.

"ಅಜ್ಜಿ, ನಿಮ್ಮ ಮನಿ ಕೀಲಿಕೈ ಎಲ್ಲಿಡ್ತೀರಿ?"

"ಬಾಗಲ ತೊಲಿ ಮ್ಯಾಲ. ಯಾಕ, ಕಳವ ಮಾಡಾಕ ಬರ್ತಿಯೇನು?"

"ಇಲ್ರಿ. ನಿಮ್ಮ ಸೊಸಿ ಬಂದು ತೊಲಿ ಮ್ಯಾಲ ನೋಡೂದ ಬಿಟ್ಟು ತುಳಸಿಕಟ್ಟಿ ಹಿಂದ ಹುಡಿಕಿದ್ರ?"

"ಹೊರಗ ಕುಂದರ್ತಾಳ."

"ಇದೂ ಹೊರಗ ಕುಂತಿತ್ತು. ಅಷ್ಟ."

ಆಮೇಲೆ ಬಿಡಿಸಿ ಹೇಳಿದ. ಕಂಪ್ಯೂಟರ್ ಎಚ್ಚರಾದ ಕೂಡಲೇ ಅದಕ್ಕೆ ವಿಂಡೋಸ್ ಗೊತ್ತಿರುವುದಿಲ್ಲ, ಡಿಸೈನು ಗೊತ್ತಿರುವುದಿಲ್ಲ. ಬೋರ್ಡಿನ ಮೇಲೆ ಒಂದಿಷ್ಟು ಹುಟ್ಟುಬುದ್ಧಿ ಇರುತ್ತದೆ, ಅದು ಮುಂದಿನದನ್ನು ಹುಡುಕಿ ಎಬ್ಬಿಸುತ್ತದೆ. ಹುಡುಕುವುದಕ್ಕೆ ಎರಡು ಪದ್ಧತಿ. ಹಳೆಯದರ ಹೆಸರು ಲೆಗಸಿ. ಅದು ಡಿಸ್ಕಿನ ತಲೆಯ ಮೇಲೇ ಕೈಯಾಡಿಸುತ್ತದೆ, ತೊಲೆಯ ಮೇಲೆ ಆಡಿಸಿದ ಹಾಗೆ. ಹೊಸದರ ಹೆಸರು ಯುಇಎಫ್‌ಐ. ಅದು ಡಿಸ್ಕಿನಲ್ಲಿ ತನಗಾಗಿಯೇ ಬೇರೆ ಮಾಡಿಟ್ಟ ಒಂದು ಕೋಣೆಯಲ್ಲಿ ಹುಡುಕುತ್ತದೆ. ನಮ್ಮ ಡಿಸ್ಕು ಹಳೆಯ ಪದ್ಧತಿಯಲ್ಲಿ ತಯಾರಾದದ್ದು, ಅದರಲ್ಲಿ ಆ ಕೋಣೆಯೇ ಇಲ್ಲ. ಯಾಕೋ ಏನೋ ಬೋರ್ಡು ಹೊಸ ಪದ್ಧತಿಗೆ ಹೋಗಿ ಕೂತಿತ್ತು. ಆತ ಅದನ್ನು ಲೆಗಸಿಗೆ ತಂದಿದ್ದ.

ಅಲ್ಲೇ ಕೂಡಲೇ ಡಿಸೈನುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಮತ್ತೆ ಕೌದಿ ಸುತ್ತಿ, ಮತ್ತೆ ಬಸ್ಸು. ಮೂಡಲಗಿಗೆ ಬಂದು ಜೋಡಿಸಿ ಗುಂಡಿ ಒತ್ತಿದರೆ ಮತ್ತದೇ ಕಪ್ಪು ಪರದೆ, ಬಿಳಿ ಸಾಲು.

ಸೊಸೆ ಫೋನು ಹಚ್ಚಿದಳು. ರಿಪೇರಿಯವ, "ನನ್ನ ಕಡೆ ಬರೋಬ್ಬರಿ ಇತ್ತು. ಬಸ್ಸಿನ್ಯಾಗ ಕುಲುಕಿರಬೇಕು," ಎಂದ. ನಾನು ಫೋನು ಕಸಿದುಕೊಂಡೆ. "ನನ್ನ ತೊಡಿ ಮ್ಯಾಲ ಮೊಮ್ಮಕ್ಕಳು ನಿದ್ದಿ ಮಾಡ್ಯಾವ. ಕುಲುಕ್ತೈತಂತ ಒಂದರ ಹೇಳಿಲ್ಲ," ಎಂದೆ.

ಮರುದಿನ ಮಶೀನು ಮಾರಿದ ಹುಕ್ಕೇರಿಯ ಸಾಹುಕಾರನ ಹತ್ತಿರ ಹೋದೆ. ಪೆನ್‌ಡ್ರೈವ್ ಇತ್ತಲ್ಲ, ಅದರ ಧೈರ್ಯ. ಗಾಜಿನ ಟೇಬಲ್ಲು, ಎಸಿ, ಗೋಡೆಗೆ ಹೊಸ ಹೊಸ ಮಶೀನು. ನಾನು ಹೇಳಿದ್ದನ್ನು ಅರ್ಧ ಕೇಳಿ ಆತ ಕೈ ಎತ್ತಿದ.

"ಅಮ್ಮಾರ, ಅದು ಸತ್ತೈತಿ. ಎಷ್ಟ ದಿನ ಆ ಹೆಣ ಹೊತಗೊಂಡ ಬಸ್ಸಿನ್ಯಾಗ ಅಡ್ಡ್ಯಾಡ್ತೀರಿ?"

ಪೆನ್‌ಡ್ರೈವನ್ನು ತನ್ನ ಹೊಸ ಕಂಪ್ಯೂಟರಿಗೆ ಚುಚ್ಚಿದ. ಹೆಸರುಗಳೆಲ್ಲ ಕಂಡವು, ಒಂದೂ ತೆರೆಯಲಿಲ್ಲ. ನಮ್ಮ ಡಿಸೈನು ತೆರೆಯುವುದು ನಮ್ಮ ಹಳೆಯ ಸಾಫ್ಟ್‌ವೇರಿನಲ್ಲಿ ಮಾತ್ರ. ಆ ಸಾಫ್ಟ್‌ವೇರ್ ನಡೆಯುವುದು ಹಳೆಯ ವಿಂಡೋಸಿನಲ್ಲಿ ಮಾತ್ರ. ಅದನ್ನು ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿಕೊಂಡು ಹೋಗಿದೆ. ಹೊಸದು ಕೊಡುವವರಿಲ್ಲ.

"ಹೋದ್ರ ಹೋಗಲಿ ಬಿಡ್ರಿ," ಎಂದ ಸಾಹುಕಾರ. "ನಿಮ್ಮ ಡಬ್ಬಿ ಪೂರ್ತಿ ಅಳಿಸಿ ಹೊಸ ಪದ್ಧತಿಗೆ ತರ್ತೇವಿ. ಇಲ್ಲಾ ಅಂದ್ರ ಈ ಹೊಸಾದ್ದ ಒಯ್ಯಿರಿ. ಸಾವಿರಾರು ತಯಾರ ಡಿಸೈನ್ ಅದಾವ. ಬೋಧಿ ಎಲಿ ಬೇಕಲ್ಲ? ನೋಡ್ರಿ."

ಬಿಳಿ ತುಂಡಿನ ಮೇಲೆ ನೀಲಿ ದಾರದಲ್ಲಿ ಒಂದು ಎಲೆ ಹೊಲಿಸಿಯೇಬಿಟ್ಟ. ಸೂಜಿ ಚೆನ್ನಾಗಿ ಓಡಿತು, ಅದರಲ್ಲಿ ಸುಳ್ಳಿಲ್ಲ. ಕಣಗಲಾ ಅಲ್ಲಿಂದ ಹತ್ತಿರ. ಮದುಮಗಳ ತಾಯಿಗೆ ಫೋನು ಮಾಡಿದೆ, ಆಕೆ ಬಂದಳು. ತುಂಡನ್ನು ಅಂಗೈ ಮೇಲೆ ಹಾಸಿ ನೋಡಿದಳು.

"ಅಕ್ಕಾರ, ಇದರ ಮ್ಯಾಲ ಸುಣ್ಣ ಹಚ್ಚಿ ಅಡಿಕಿ ಇಟ್ಟ ಕೊಡ್ರಿ, ಮಡಚಿ ಬಾಯಾಗ ಹಾಕೋತೇನಿ."

ಖರೆ ಮಾತು. ಅದು ವೀಳ್ಯದೆಲೆ. ಬಾಲವಿಲ್ಲ, ನರವಿಲ್ಲ.

"ಎಲಿ ಎಲಿನ ಅಲ್ರಿ?" ಎಂದ ಸಾಹುಕಾರ.

"ನಿಮಗ ಇರಬೋದ್ರಿ," ಎಂದಳು ಆಕೆ. "ಬಂದವರೆಲ್ಲ ಮೊದಲ ಸೀರಿ ಅಂಚ ನೋಡ್ತಾರ. ನನ್ನ ಮಗಳ ಮದುವಿಗೆ ಎಲಿ ಅಡಿಕಿ ಹಂಚಾಕತ್ತೇನಿ ಅಂದಾರು. ಅಕ್ಕಾರ, ನೀವು ತೋರಿಸಿದ್ದ ಎಲಿ ಬರಂಗಿದ್ರ ಹೇಳ್ರಿ. ಇಲ್ಲಾಂದ್ರ ಬರೀ ನೀಲಿ ಅಂಚ ಸಾಕು, ನಾ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ."

ಬೇಸರ ಮಾಡಿಕೊಳ್ಳುವುದಿಲ್ಲ ಎಂದಳಲ್ಲ, ಅದೇ ನನಗೆ ಚುಚ್ಚಿತು. ಬೈದಿದ್ದರೆ ತಿರುಗಿ ಬೈದು ಸುಮ್ಮನಾಗುತ್ತಿದ್ದೆ.

ಸಾಹುಕಾರ ಹೊಸ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ನನ್ನ ಹೆಸರು ಬರೆಸಿ ಬಾಜೂಕೆ ಇಡಿಸಿದ. "ನಮ್ಮ ಮನಷ್ಯಾ ಬಂದು ಹಳೇದ ಅಳಿಸಿ ಎಲ್ಲಾ ಜೋಡಿಸಿ ಹೊಕ್ಕಾನ. ಹೂಂ ಅನ್ರಿ ಸಾಕು."

"ಹೂಂ ಅನ್ನೂದ ಅಷ್ಟ ಹಗರ ಅಲ್ರಿ ಸಾವ್ಕಾರ್ರ. ನೋಡ್ತೇನಿ," ಎಂದು ಎದ್ದೆ.

ಅಂಗಡಿಗೆ ಬಂದು ಡಬ್ಬಿ ನೋಡಿದೆ. ನನಗೆ ಒಂದೇ ಪ್ರಶ್ನೆ. ಸತ್ತದ್ದಾದರೆ ಗೋಕಾಕದಲ್ಲಿ ಹೇಗೆ ಎದ್ದಿತು? ಹೆಣ ಒಂದೂರಲ್ಲಿ ಎದ್ದು ಕೂತು ಇನ್ನೊಂದೂರಲ್ಲಿ ಮಲಗುತ್ತದೆಯೇ?

ಮತ್ತೆ ಕೌದಿ, ಮತ್ತೆ ಗೋಕಾಕ. ರಿಪೇರಿಯವ ನೀಲಿ ಪರದೆ ತೆರೆದ. ಅದು ಮತ್ತೆ ಹೊಸ ಪದ್ಧತಿಗೆ ಹೋಗಿ ಕೂತಿತ್ತು. ಆತ ನನ್ನ ಸೊಸೆಯ ಕಡೆ ತಿರುಗಿದ.

"ಅಕ್ಕಾ, ನೀವ ಏನರ ಒತ್ತೀರಿ."

"ನಾ ಒತ್ತಿಲ್ರಿ."

"ತಾನಾಗೇ ಬದಲಾಗಂಗಿಲ್ಲ ಅದು. ಮರತಿರಬೇಕು. ಮುದ್ದಾಮ ಒತ್ತೀರಿ ಅನ್ನಂಗಿಲ್ಲ ನಾ."

ಸೊಸೆಯ ಮುಖ ಕೆಂಪಾಯಿತು. "ಆ ಎಲಿ ನರ ಒಂದೊಂದ ಕೂಡಿಸಿದಾಕಿ ನಾ. ಅದನ್ನ ಹಾಳ ಮಾಡು ಗುಂಡಿ ಎಲ್ಲೈತಿ ಅಂತ ಹುಡಿಕಿ ಒತ್ತತೇನೇನ್ರಿ?" ಎಂದಳು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ. ಮನೆಯಲ್ಲಿ ಅವಳ ಮೇಲೆ ಜೋರು ಮಾಡುವ ಹಕ್ಕು ನನ್ನದು. ಪರರದಲ್ಲ.

ನಾನು ಅಲ್ಲೇ ಗಿರಾಕಿಯ ಸ್ಟೂಲಿನ ಮೇಲೆ ಕೂತೆ.

"ತಮ್ಮಾ, ನೀ ಇದನ್ನ ರಿಪೇರಿ ಮಾಡಬ್ಯಾಡ."

"ಮತ್ತ?"

"ಇಲ್ಲಿ ಇದಕ್ಕ ಬ್ಯಾನಿನ ಇಲ್ಲ. ಬ್ಯಾನಿ ಬರೂದ ಮೂಡಲಗ್ಯಾಗ. ಮನಷ್ಯಾ ಹಾಸಿಗಿ ಹಿಡದ್ರ ಡಾಕ್ಟರ ಮನಿಗೇ ಬರ್ತಾನ. ನಾಳೆ ಮುಂಜಾನೆ ನಾ ಶಟರ್ ಎತ್ತೂ ಹೊತ್ತಿಗೆ ನೀ ಅಲ್ಲಿರಬೇಕು. ಅದು ಹೆಂಗ ಬೀಳ್ತೈತಿ ನಿನ್ನ ಕಣ್ಣಲೇ ನೋಡು."

"ಅಜ್ಜಿ, ಇಲ್ಲಿ ಕೆಲಸ ಹೊರೆ ಬಿದ್ದೈತ್ರಿ."

"ಬೀಳಲಿ. ನೀ ಬರ್ತೇನಿ ಅನ್ನೂತನಕ ನಾ ಏಳಂಗಿಲ್ಲ. ಬಂದ ಗಿರಾಕಿಗೆಲ್ಲ ಈ ಕಥಿ ಹೇಳ್ಕೋತ ಕುಂದರ್ತೇನಿ. ನನಗೇನು ಅವಸರ ಇಲ್ಲ."

ಎರಡನೆಯ ಗಿರಾಕಿಗೆ ಕಥೆ ಹೇಳಿ ಮುಗಿಸುವುದರೊಳಗೆ ಆತ ಬರುತ್ತೇನೆಂದ.

ಬಂದ. ಮಾತಿಗೆ ತಪ್ಪುವವನಲ್ಲ. ಸಂಜೆ ನಾವು ಡಬ್ಬಿ ಜೋಡಿಸಿ ಇಟ್ಟಿದ್ದೆವು, ಹಚ್ಚಿರಲಿಲ್ಲ. ಮುಂಜಾನೆ ಆತನ ಮುಂದೆಯೇ ಶಟರ್ ಎತ್ತಿದೆ. ದೇವರಿಗೆ ಕೈ ಮುಗಿದೆ. ಮೇನ್ ಏರಿಸಿದೆ, ಇನ್ವರ್ಟರ್ ಹಚ್ಚಿದೆ. ಸೊಸೆ ಗುಂಡಿ ಒತ್ತಿದಳು. ಕಪ್ಪು ಪರದೆ, ಬಿಳಿ ಸಾಲು. ಆಕೆ ಎರಡೂ ಕೈ ಎತ್ತಿ ತೋರಿಸಿದಳು, "ನೋಡ್ರಿ, ಮುಟ್ಟಿಲ್ಲ."

ಆತ ಕಂಪ್ಯೂಟರನ್ನಲ್ಲ, ಗೋಡೆಯ ಮೇನ್ ಸ್ವಿಚ್ಚನ್ನು ನೋಡುತ್ತಿದ್ದ.

"ಅಜ್ಜಿ, ಇದನ್ನ ದಿನಾ ಇಳಸ್ತೀರೇನು?"

"ದಿನಾ. ದೀಪ ಹಚ್ಚಿದ ಮ್ಯಾಲ."

"ಗಡಿಯಾರ ಹಿಂದ ಬೀಳ್ತಿತ್ತೇನು?"

"ಹೂಂನ್ರಿ," ಎಂದಳು ಸೊಸೆ. "ಸುಮಾರ ದಿನದಿಂದ. ನಾ ದಿನಾ ಮುಂಜಾನೆ ಸರಿ ಮಾಡ್ತಿದ್ನಿ."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಒತ್ತೀರಿ ಒತ್ತೀರಿ ಅಂದ್ರಿ, ಅಷ್ಟ."

ಆತ ಕೂತು ನೀಲಿ ಪರದೆ ತೆರೆದ. ಈ ಸಲ ಮೂಲೆಯ ತಾರೀಖು ಓದಿದ. ಕಂಪ್ಯೂಟರ್ ತಾನು ಹುಟ್ಟಿದ ಕಾಲದ ಜನವರಿಯಲ್ಲಿ ಕೂತಿತ್ತು. ಹಣೆ ಹಣೆ ಬಡಿದುಕೊಂಡ. ಡಬ್ಬಿಯ ಪಕ್ಕ ಬಿಚ್ಚಿ ಬೋರ್ಡಿನಿಂದ ಗುಂಡನೆಯ ಒಂದು ಸೆಲ್ಲು ಕಿತ್ತ, ಕೈಗಡಿಯಾರದಲ್ಲಿ ಇರುತ್ತದಲ್ಲ, ಅದಕ್ಕಿಂತ ತುಸು ದೊಡ್ಡದು. ಚೀಲದಿಂದ ತೆಗೆದ ಮೀಟರಿನ ಮುಳ್ಳು ಅದಕ್ಕೆ ಅಲುಗಲೇ ಇಲ್ಲ.

ಬೋರ್ಡಿನ ಹುಟ್ಟುಬುದ್ಧಿ ಸರಿ, ಆದರೆ ನಾವು ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಳ್ಳಲು ಅದಕ್ಕೆ ಈ ಸೆಲ್ಲು ಬೇಕು. ಗೋಡೆಯ ಕರೆಂಟು ಇದ್ದಷ್ಟು ಹೊತ್ತು, ಕಂಪ್ಯೂಟರ್ ಬಂದ್ ಇದ್ದರೂ ನೆನಪು ಉಳಿಯುತ್ತದೆ. ಸೆಲ್ಲು ಸೊರಗುವಾಗ ಮೊದಲು ಗಡಿಯಾರ ಹಿಂದೆ ಬಿತ್ತು. ಪೂರ್ತಿ ಸತ್ತ ಮೇಲೆ, ನಾನು ಮೇನ್ ಇಳಿಸಿದ ಕೂಡಲೇ ಲೆಗಸಿ ಎನ್ನುವ ಮಾತೇ ಮರೆತು ಹೋಯಿತು. ಮರೆತ ಬೋರ್ಡು ಕಾರ್ಖಾನೆಯಲ್ಲಿ ಕಲಿತದ್ದಕ್ಕೆ ಮರಳುತ್ತದೆ. ಕಾರ್ಖಾನೆಯಲ್ಲಿ ಕಲಿತದ್ದು ಹೊಸ ಪದ್ಧತಿ. ಗೋಕಾಕದ ಅಂಗಡಿಯಲ್ಲಿ ಆತ ವೈರು ತೆಗೆಯದೆ ಹಚ್ಚಿ ನೋಡುತ್ತಿದ್ದ, ಅಲ್ಲಿ ಏಳುತ್ತಿತ್ತು. ಇಂಟರ್ನೆಟ್ಟಿನಿಂದ ಗಡಿಯಾರವೂ ತಾನಾಗಿ ಸರಿಯಾಗುತ್ತಿತ್ತು. ವೈರು ಕಿತ್ತು ಕೌದಿಯಲ್ಲಿ ಸುತ್ತಿದರೆ ಬಸ್ಸು ಹತ್ತುವ ಮೊದಲೇ ಮರೆವು.

"ಅಕ್ಕಾ, ನಂದ ತಪ್ಪಾತು," ಎಂದ ಸೊಸೆಗೆ. ಆಕೆ ಚಹಾ ಇಟ್ಟಳು. ಸಕ್ಕರೆ ಹಾಕಿದಳೋ ಇಲ್ಲವೋ ನಾನು ಕೇಳಲಿಲ್ಲ.

ಚಹಾ ಕುಡಿಯುತ್ತ ಆತ ನನ್ನ ಮುಂದೆ ದಾರಿಗಳನ್ನು ಇಟ್ಟ.

"ಮೇನ್ ಇಳಸೂದ ಬಿಡ್ರಿ ಅಜ್ಜಿ. ಅದ ಸರಳ."

"ಬಿಡಂಗಿಲ್ಲ. ಸಿಡಿಲ ನಿನ್ನ ಕೇಳಿ ಬೀಳ್ತೈತೇನು?"

"ಹಂಗಾರ ಹೊಸ ಪದ್ಧತಿಗೆ ಹೋಗ್ರಿ. ಮುಂದ ಸೆಲ್ ಸತ್ತರೂ ಬೋರ್ಡ್ ಹೊಸ ಪದ್ಧತಿಗೇ ಬೀಳ್ತೈತಿ, ತಾನಾಗೇ ಏಳ್ತೈತಿ. ಈ ತ್ರಾಸ ಇರಂಗಿಲ್ಲ."

ಇದು ತೆಗೆದುಹಾಕುವ ಮಾತಲ್ಲ. ಅದಕ್ಕೇ ಕೇಳಿದೆ, "ಹೊಸ ಪದ್ಧತ್ಯಾಗ ನನ್ನ ಎಲಿ ತೆರೀತೈತೇನು?"

ಆತ ಸುಳ್ಳು ಹೇಳಲಿಲ್ಲ. "ಇಲ್ರಿ. ನಿಮ್ಮ ವಿಂಡೋಸ್ ಹಳೇ ಥರದ್ದು, ಹೊಸ ಪದ್ಧತ್ಯಾಗ ಏಳಂಗಿಲ್ಲ. ಬ್ಯಾರೆ ವಿಂಡೋಸ್ ಹಾಕಬೇಕು. ಅದರಾಗ ಈ ಸಾಫ್ಟ್‌ವೇರ್ ನಡಿಯಂಗಿಲ್ಲ."

"ಮತ್ತ ಎದ್ದು ಏನ್ ಮಾಡ್ತೈತಿ? ಬರೇ ಎದ್ದ ಕುಂದ್ರಾಕ ಮನ್ಯಾಗ ನಮ್ಮ ಯಜಮಾನರದಾರ. ಹಳೇದಕ್ಕ ಹಾಕು."

"ನಾಳೆ ಬೋರ್ಡ್ ಹೋದ್ರ? ಈಗಿನ ಹೊಸ ಬೋರ್ಡಿನ್ಯಾಗ ಹಳೇ ಪದ್ಧತಿನ ಇಡವಲ್ರು."

"ಬೋರ್ಡ್ ಹೋದಾಗ ಹೋದೀತು. ಅಲ್ಲೀತನಕ ಏನ್ ಮಾಡಬೇಕು, ಅದನ್ನ ಹೇಳು."

ಹೇಳಿದ. ಕಂಪ್ಯೂಟರ್ ಎದ್ದಿರುವಾಗ ಒಂದೊಂದೇ ಡಿಸೈನು ತೆರೆದು, ಬೇರೆ ಮಶೀನುಗಳೂ ಓದುವ ಹೊಲಿಗೆಯ ರೂಪದಲ್ಲಿ ಇಳಿಸಿಡಬಹುದು. ಮುಂದೆ ಅದನ್ನು ತಿದ್ದಲು ಬರುವುದಿಲ್ಲ, ಹೊಲಿಯಲು ಬರುತ್ತದೆ. ಇದನ್ನು ಹುಕ್ಕೇರಿಯ ಎಸಿ ಕೋಣೆಯಲ್ಲಿ ಯಾರೂ ಹೇಳಿರಲಿಲ್ಲ. ಸೊಸೆ ಆಗಲೇ ತಲೆಯಾಡಿಸುತ್ತಿದ್ದಳು. ಎಷ್ಟು ತಿಂಗಳ ಕೆಲಸವೋ, ಆಗಲಿ.

ಹೊಸದರ ಮೇಲೆ ನನಗೆ ಸಿಟ್ಟಿಲ್ಲ. ಒಲೆ ಊದುವುದನ್ನು ಬಿಟ್ಟು ಗ್ಯಾಸಿಗೆ ಬಂದವಳು ನಾನು, ಕೈಸೂಜಿ ಬಿಟ್ಟು ಮಶೀನಿಗೆ ಬಂದವಳು. ಆದರೆ ಗ್ಯಾಸು ತಂದವನು ನನ್ನ ರೊಟ್ಟಿ ಬಡಿಯುವ ಕೈ ಕಡಿದು ಒಯ್ಯಲಿಲ್ಲ. ನಿನ್ನ ಕೆಲಸ ಅಳಿಸಿಕೊಂಡು ಹೊಸಬಳಾಗು ಎಂದರೆ, ನಾನು ಯಾರ ಕೆಲಸ ಮಾಡಲಿ?

ಎದುರಿನ ಗಡಿಯಾರ ರಿಪೇರಿ ಅಂಗಡಿಯಲ್ಲೇ ಅದೇ ಅಳತೆಯ ಹೊಸ ಸೆಲ್ಲು ಸಿಕ್ಕಿತು. ಆತ ಕೂಡಿಸಿದ. ತಾರೀಖು ತಿದ್ದಿದ. ಲೆಗಸಿಗೆ ಹಾಕಿ ಉಳಿಸಿದ. ಯಾವ ಕೀಲಿ ಒತ್ತಿ ಒಳಗೆ ಹೋಗಬೇಕು, ಎಲ್ಲಿ ಬದಲಿಸಬೇಕು ಎಂಬುದನ್ನು ಈ ಸಲ ಸೊಸೆಯ ಕೈಯಿಂದಲೇ ಮಾಡಿಸಿದ. ಕಂಪ್ಯೂಟರ್ ಎದ್ದಿತು.

"ಆತ್ರಿ ಅಜ್ಜಿ," ಎಂದು ಚೀಲ ಎತ್ತಿಕೊಂಡ.

"ಎಲ್ಲಿ ಆತು? ಕುಂದರು."

ಕಂಪ್ಯೂಟರ್ ಬಂದ್ ಮಾಡಿಸಿದೆ. ಎದ್ದು ಹೋಗಿ ಇನ್ವರ್ಟರ್ ಬಂದ್ ಮಾಡಿ ಮೇನ್ ಇಳಿಸಿದೆ. ಅಂಗಡಿ ಕತ್ತಲಾಯಿತು. ಆತನಿಗೆ ಇನ್ನೊಂದು ಚಹಾ ಕುಡಿಸಿದೆ, ನಿಧಾನವಾಗಿ. ಆತ ಗಡಿಯಾರ ನೋಡಿದ, ನಾನು ಓಣಿ ನೋಡಿದೆ. ಆಮೇಲೆ ಮೇನ್ ಏರಿಸಿದೆ, ಸೊಸೆ ಗುಂಡಿ ಒತ್ತಿದಳು. ಪರದೆಯ ಮೇಲೆ ಬೆಳಕು ಬಂತು, ಮೂಲೆಯಲ್ಲಿ ಇವತ್ತಿನ ತಾರೀಖು ಇತ್ತು.

"ಈಗ ಹೋಗು," ಎಂದೆ.

ಸಂಜೆ ದೀಪ ಹಚ್ಚಿದ ಮೇಲೆ ಸೊಸೆ ನನ್ನ ಕೈ ನೋಡುತ್ತ ನಿಂತಳು. "ಅತ್ತಿ, ಇವತ್ತೊಂದಿನ ಬಿಡ್ರಿ. ಮದುವಿ ಕೆಲಸ ಮುಗಿಯೂತನಕರ." ನನ್ನ ಕೈಯೂ ಒಂದು ಗಳಿಗೆ ನಿಂತಿತು, ಇಲ್ಲ ಎನ್ನುವುದಿಲ್ಲ. ಆದರೆ ಹೆದರಿ ಬಿಟ್ಟ ರೂಢಿ ಮತ್ತೆ ಬರುವುದಿಲ್ಲ. ಇನ್ವರ್ಟರ್ ಬಂದ್ ಮಾಡಿದೆ, ಮೇನ್ ಇಳಿಸಿದೆ, ಶಟರ್ ಎಳೆದೆ.

ಮರುದಿನ ಮುಂಜಾನೆ ಮೇನ್ ಏರಿಸಿ, ಗುಂಡಿಯನ್ನು ನಾನೇ ಒತ್ತಿದೆ. ಎದ್ದಿತು. ಸೊಸೆ ಎಲೆಯನ್ನು ಮಶೀನಿಗೆ ಕಳಿಸಿದಳು. ಸೂಜಿ ಬಿಳಿ ಬಟ್ಟೆಯ ಮೇಲೆ ನೀಲಿ ನರ ಎಳೆಯಿತು, ಹೊಟ್ಟೆ ತುಂಬಿತು, ಕೊನೆಗೆ ಆ ಉದ್ದ ಬಾಲ ಇಳಿಯಿತು. ಕಣಗಲಾದಾಕೆಗೆ ಫೋಟೋ ಕಳಿಸು ಎಂದು ಸೊಸೆಗೆ ಹೇಳಿ ನಾನು ಹುಕ್ಕೇರಿಯ ದಾರಿ ಹಿಡಿದೆ.

ಸಾಹುಕಾರ ನನ್ನ ಹೆಸರು ಬರೆದ ಪೆಟ್ಟಿಗೆಯನ್ನು ಮುಂದಕ್ಕೆ ಎಳೆಸಿದ. "ಬರ್ರಿ ಅಮ್ಮಾರ, ಬುದ್ಧಿ ಬಂತಲ್ಲ."

ಸೆರಗಿನ ಗಂಟು ಬಿಚ್ಚಿ ಸತ್ತ ಸೆಲ್ಲನ್ನು ಆತನ ಗಾಜಿನ ಟೇಬಲ್ಲಿನ ಮೇಲೆ ಇಟ್ಟೆ. ಅದು ಒಂದು ಸುತ್ತು ಉರುಳಿ ಮಲಗಿತು.

"ಸತ್ತೈತಿ ಅಂದಿದ್ರೆಲ್ಲ ಸಾವ್ಕಾರ್ರ, ಸತ್ತಿದ್ದು ಇದ," ಎಂದೆ. "ಮಣ್ಣ ಮಾಡ್ರಿ. ಆ ಪೆಟಿಗಿ ಮ್ಯಾಲಿನ ನನ್ನ ಹೆಸರ ಅಳಸ್ರಿ. ಅಳಸೂ ಕೆಲಸ ನಿಮಗ ಚಲೋ ಬರ್ತೈತಿ."